ಸಕ್ಕರೆಯಿಲ್ಲದ ನಾನಕಟಾಯಿ

ವಿಷ ತಿಂದು ಬದುಕಿದ ಮೇಲೆ ನಮ್ಮ ಹಿತ್ತಲಿನ ನಾಯಿ ಮನುಷ್ಯರ ಕೈಯಿಂದ ಏನನ್ನೂ ತಿನ್ನಲಿಲ್ಲ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಯಾರೋ ರೊಟ್ಟಿಯೊಳಗೆ ಏನನ್ನೋ ಕಲಸಿ ಒಗೆದಿದ್ದರು. ಮೂಲೆಯ ಹಿಟ್ಟಿನ ಗಿರಣಿಯ ಮುಂದೆ ಮಲಗುತ್ತಿದ್ದ ನಾಯಿಗಳೆಲ್ಲ ಬೆಳಗಾಗುವಷ್ಟರಲ್ಲಿ ಸತ್ತಿದ್ದವು. ನಮ್ಮದು ಮಾತ್ರ ವಾಂತಿ ಮಾಡಿಕೊಂಡು, ಹಿಂಗಾಲು ಎಳೆಯುತ್ತ ಬಂದು, ನೀರಿನ ಟಾಕಿಯ ಕೆಳಗೆ ಸೇರಿಕೊಂಡಿತ್ತು. ದನದ ಡಾಕ್ಟರು ಬಂದು ಸಲಾಯಿನ್ ಹಚ್ಚಿ ಉಳಿಸಿದರು.

ಹೋಗುವಾಗ ಅವರು ಹೇಳಿದ್ದು ಇಷ್ಟು: "ಯಕೃತ್ತಿಗೆ ಪೆಟ್ಟು ಬಿದ್ದೈತ್ರಿ. ತಿಂಗಳತನಕ ದಿನಾ ಒಂದು ಗುಳಿಗಿ ಹೊಟ್ಟಿಗೆ ಹೋಗಬೇಕು. ಹೋತು, ಉಳೀತೈತಿ. ಹೋಗಲಿಲ್ಲ, ನನ್ನ ಕರೀಬ್ಯಾಡ್ರಿ."

ರೊಟ್ಟಿಯಲ್ಲಿ ಗುಳಿಗೆ ಸುತ್ತಿ ಕೊಟ್ಟೆ. ಹಂಚಿನ ವಾಸನೆ ಬಂದದ್ದೇ ತಡ, ಟಾಕಿಯ ಕೆಳಗೆ ಇನ್ನೂ ಒಳಕ್ಕೆ ಸರಿಯಿತು. ಕಟಕೋಳದ ನನ್ನ ತವರಿನಲ್ಲಿ ಹಿಟ್ಟು ನಾದುವ ಕೊಣಮಿಗೆಯಲ್ಲಿ ಉಳಿದದ್ದರಿಂದ ತಟ್ಟುವ ಕೊನೆಯ ಸಣ್ಣ ರೊಟ್ಟಿ ಎಂದೂ ನಾಯಿಯದು. ಆ ರೊಟ್ಟಿಯನ್ನೇ ಒಲ್ಲೆನೆನ್ನುವ ನಾಯಿಯನ್ನು ನಾನು ಕಂಡಿರಲಿಲ್ಲ. ಹಾಲಿಟ್ಟೆ, ಇರುವೆ ಬಂದವು. ಅನ್ನ ಕಲಸಿಟ್ಟೆ, ಕಾಗೆ ತಿಂದಿತು. ಅದು ತಿಂದದ್ದು ಒಂದೇ ಒಂದನ್ನು. ಹಿತ್ತಲಿನ ಪಪ್ಪಾಯಿ ಗಿಡದಿಂದ ಹಣ್ಣಾಗಿ ತಾನೇ ಬಿದ್ದದ್ದನ್ನು. ಗಿಡದಿಂದ ಬಿದ್ದದ್ದಕ್ಕೆ ಯಾರ ಕೈಯೂ ತಾಗಿಲ್ಲವೆಂದು ಅದಕ್ಕೆ ಗೊತ್ತಿತ್ತೇನೋ. ಹಣ್ಣಿನೊಳಗೆ ಗುಳಿಗೆ ತುರುಕಿಟ್ಟರೆ ಹಣ್ಣನ್ನು ನೆಕ್ಕಿ ಗುಳಿಗೆಯನ್ನು ಮಾತ್ರ ಮಣ್ಣಿನಲ್ಲಿ ಬಿಟ್ಟಿತು.

ಯಾರು ಹಾಕಿದರೆಂಬುದರ ಬಗ್ಗೆ ನನಗೆ ಅನುಮಾನ ಇರಲಿಲ್ಲ. ಪಕ್ಕದ ಮನೆಯವಳು. ನಮ್ಮಿಬ್ಬರ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ. ಚಚಡಿಯ ಹೆಣ್ಣುಮಗಳು, ಬಾಯಿ ಬಹಳ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಾಳೆ. ಹಿಂದಿನ ಸಂಜೆ ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಆ ಗೋಡೆಯ ಆಚೆಯಿಂದ ಕಿವಿಯಾರೆ ಕೇಳಿದ್ದೆ: "ಏ ದರಿದ್ರಾ, ತಿಂದ್ ಸಾಯಿ!" ಬೆಳಿಗ್ಗೆ ಓಣಿಯಲ್ಲಿ ಹೆಣಗಳು. ಇನ್ನೇನು ಸಾಕ್ಷಿ ಬೇಕು?

ಕಿತ್ತೂರಿನ ಸಾಲೆಯಲ್ಲಿ ಗುಮಾಸ್ತನಾಗಿರುವ ನನ್ನ ಗಂಡ ಸಂಜೆ ಬಸ್ಸಿಳಿದು ಬಂದು ಇದನ್ನೆಲ್ಲ ಕೇಳಿ, "ಅನ್ನೂದಕ್ಕೂ ಮಾಡೂದಕ್ಕೂ ಫರಕ್ ಇರತೈತಿ. ನೀ ನನಗ ದಿನಾ ಏನೇನ್ ಅಂತಿ, ನಾ ಇನ್ನೂ ಅದೇನಿ ಇಲ್ಲೊ?" ಅಂದ. ಅವನಿಗೆ ಯಾರ ಮೇಲೂ ಅನುಮಾನ ಬರುವುದಿಲ್ಲ. ಅದಕ್ಕೇ ಸಂತೆಯಲ್ಲಿ ಅವನಿಗೆ ಯಾವಾಗಲೂ ಕೊಳೆತ ಟೊಮೆಟೊ ಸಿಗುತ್ತವೆ.

ಹಣ್ಣು ತಿನ್ನುತ್ತದೆ, ಹಂಚಿನದು ಒಲ್ಲದು. ಹಾಗಾದರೆ ಹಂಚು ಕಾಣದ, ಹಣ್ಣಿನ ವಾಸನೆಯ, ಗುಳಿಗೆ ಸಮೇತ ಕಟುಂ ಎಂದು ಕಡಿಯಬೇಕಾದ ಗಟ್ಟಿ ತಿನಿಸು ಬೇಕಿತ್ತು. ದೀಪಾವಳಿ ಹತ್ತಿರ ಬಂದಿತ್ತು. ನಮ್ಮಲ್ಲಿ ಆಗ ಮನೆಮನೆಯ ಹೆಂಗಸರು ಹಿಟ್ಟು, ತುಪ್ಪ, ಸಕ್ಕರೆ ಕಟ್ಟಿಕೊಂಡು ಬೇಕರಿಗೆ ಹೋಗಿ, ಅಲ್ಲಿನ ಭಟ್ಟಿಯಲ್ಲಿ ನಾನಕಟಾಯಿ ಬಿಸ್ಕೀಟು ಬೇಯಿಸಿಕೊಂಡು ಬರುತ್ತಾರೆ. ನಾನೂ ಒಂದು ಡಬ್ಬಿ ಕಟ್ಟಿದೆ. ಬೀಜ ತೆಗೆದು ಹಿಚುಕಿದ ಪಪ್ಪಾಯಿ, ಸವದತ್ತಿ ಕಡೆಯಿಂದ ಬಂದ ಚುಕ್ಕಿ ಬಿದ್ದ ಬಾಳೆಹಣ್ಣು, ಜೋಳದ ಹಿಟ್ಟು. ಜೋಳಕ್ಕೆ ಜಿಗಿ ಇಲ್ಲವಾದ್ದರಿಂದ ಎರಡು ಹಿಡಿ ಗೋಧಿ ಹಿಟ್ಟು. ಸಕ್ಕರೆ ಬೇಡ, ಬೆಲ್ಲ ಬೇಡ, ಒಣದ್ರಾಕ್ಷಿಯನ್ನಂತೂ ಮುಟ್ಟಬೇಡಿ, ಅದೇ ನಾಯಿಗೆ ವಿಷ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು.

ಭಟ್ಟಿಯ ಮುಂದೆ ಬೆಂಚಿನ ಮೇಲೆ ಹೆಂಗಸರು ಸಾಲಾಗಿ ಕುಳಿತಿದ್ದರು. ತಮ್ಮ ತಟ್ಟೆ ಹೊರಗೆ ಬರುವತನಕ ಯಾರೂ ಏಳುವುದಿಲ್ಲ. ಎದ್ದರೆ ತುಪ್ಪ ಹೋಗಿ ಡಾಲ್ಡಾ ಆಗುತ್ತದೆ ಎಂಬುದು ನಮ್ಮ ಊರಿನ ನಂಬಿಕೆ. ಬೇಕರಿಯವನಿಗೂ ಅದು ಗೊತ್ತು. ತಟ್ಟೆ ಅದಲುಬದಲಾಗಬಾರದೆಂದು ಒಬ್ಬೊಬ್ಬರದು ಒಂದೊಂದು ಗುರುತು. ಒಬ್ಬಳು ನಡುವೆ ಲವಂಗ ಚುಚ್ಚುತ್ತಾಳೆ, ಇನ್ನೊಬ್ಬಳು ಬಳೆಯ ಅಂಚು ಒತ್ತುತ್ತಾಳೆ. ಗುಳಿಗೆ ಕೂರಲೆಂದು ನಾನು ಹೆಬ್ಬೆರಳಿನಿಂದ ಆಳವಾದ ಕುಣಿ ಒತ್ತಿದೆ.

ಬೆಂಚಿನ ಕೊನೆಯಲ್ಲಿ ನಮ್ಮ ಪಕ್ಕದ ಮನೆಯವಳೂ ಇದ್ದಳು. ಎಲ್ಲ ತಟ್ಟೆ ಬಿಟ್ಟು ನನ್ನ ತಟ್ಟೆಯನ್ನೇ ನೋಡುತ್ತಿದ್ದಳು.

"ತುಪ್ಪಾನ ಕಾಣವಲ್ದಲ್ರಿ ಅಕ್ಕಾರ," ಎಂದಳು ಲವಂಗದವಳು. "ಸಕ್ಕರೀನೂ ಹಾಕಿಲ್ಲ. ಯಾರಿಗ್ರಿ ಇದು?"

"ಮನಿಯವರಿಗೆ. ಸಕ್ಕರಿ ಕಾಯಿಲೆ," ಎಂದೆ.

"ಯಾವಾಗಿಂದ?" ಪಕ್ಕದ ಮನೆಯವಳ ದನಿ. "ಮನ್ನೆ ನಮ್ಮನ್ಯಾಗ ಕುಂತು ನಾಕ ಪೇಢೆ ತಿಂದ್ರಲ್ಲ, ಐದನೇದಕ್ಕ ಕೈ ಹಾಕಿದ್ರು."

ಬೆಂಚು ನಕ್ಕಿತು. ಲವಂಗದವಳು ಬಿಡಲಿಲ್ಲ. "ನಡುವ ಕುಣಿ ಯಾಕ ಮಾಡೀರಿ ಇಷ್ಟು ದೊಡ್ಡದು?"

ಸುಳ್ಳು ಮುಂದೆ ಎಳೆಯಲು ನನಗೆ ಬರುವುದಿಲ್ಲ. "ನಾಯಿಗ್ರಿ," ಎಂದೆ. "ಅದರಾಗ ಗುಳಿಗಿ ಇಡಾಕ."

ನಗು ನಿಂತಿತು. ನಾಯಿಗಳು ಸತ್ತ ಓಣಿಯವಳು, ಸಪ್ಪೆ ಹಿಟ್ಟು, ನಡುವೆ ಕುಣಿ, ಅದರೊಳಗೆ ಗುಳಿಗೆ. ಅವರ ಮುಖದಲ್ಲಿ ಒಂದಕ್ಕೊಂದು ಜೋಡಣೆಯಾಗುತ್ತಿರುವುದು ನನಗೆ ಕಾಣುತ್ತಿತ್ತು. ಬಳೆ ಒತ್ತಿದವಳು ತನ್ನ ತಟ್ಟೆಯನ್ನು ನನ್ನ ತಟ್ಟೆಯಿಂದ ಮೆಲ್ಲಗೆ ಆಚೆ ಎಳೆದುಕೊಂಡಳು. ನಾನು ಪಕ್ಕದ ಮನೆಯವಳ ಮೇಲೆ ಹೊರಿಸಿದ್ದನ್ನೇ ಈಗ ಇಡೀ ಬೆಂಚು ನನ್ನ ಮೇಲೆ ಹೊರಿಸುತ್ತಿತ್ತು.

ಬೇಕರಿಯವನು ಹೆಗಲಿನ ಟವೆಲ್ಲಿನಿಂದ ಕೈ ಒರೆಸಿಕೊಂಡ. "ಅವ್ವಾರ, ಸಿಟ್ಟ ಆಗಬ್ಯಾಡ್ರಿ. ಇದ ಭಟ್ಟಿಯೊಳಗ ಮಂದಿ ಹಬ್ಬದ್ದು ಬೇಯತೈತಿ. ಮೊದ್ಲ ಇದನ್ನ ನೀವು ತಿನ್ರಿ."

ಹಸಿ ಹಿಟ್ಟಿನ ಒಂದು ಉಂಡೆ ಮುರಿದು ಅವನ ಮುಂದೆಯೇ ತಿಂದೆ. ಜೋಳ ಗಂಟಲಿಗೆ ಅಂಟಿತು. ನೀರು ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಕೇಳಲಿಲ್ಲ.

"ಎಲ್ಲಾರದೂ ಮುಗದ ಮ್ಯಾಲ ಹಾಕ್ರಿ," ಎಂದು ಪಕ್ಕದ ಮನೆಯವಳು ಅವನಿಗೆ ಹೇಳಿದಳು. "ಬೆಂಕಿ ಆರೂ ಭಟ್ಟಿಯೊಳಗ ಛೊಲೊ ಒಣಗತಾವು. ನಾ ಕುಂಡರತೇನಿ ಇವರ ಜೋಡಿ."

ಇವಳೇಕೆ ಕೂರಬೇಕು? ಅವಳ ಡಬ್ಬಿ ಆಗಲೇ ತುಂಬಿತ್ತು. ನಾಯಿ ಸಾಯದೆ ಅರ್ಧಕ್ಕೆ ನಿಂತ ತನ್ನ ಕೆಲಸ ಎಲ್ಲಿಗೆ ಬಂತೆಂದು ನೋಡಿಕೊಳ್ಳಲಿಕ್ಕೇ ಇರಬೇಕು ಎಂದುಕೊಂಡೆ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಬೆಂಕಿ ಇಳಿದ ಮೇಲೆ ಬೇಕರಿಯವನು ಒಂದು ಹಳೆಯ ತಟ್ಟೆಯ ಮೇಲೆ ಕಾಗದ ಹಾಸಿ ನನ್ನವನ್ನು ಒಳಗೆ ತಳ್ಳಿದ. ಬಾಳೆಹಣ್ಣು ಸುಡುವ ಸಿಹಿ ವಾಸನೆ ಬಂತು. ನಾನು ತಟ್ಟೆಯ ಮೇಲೆ ಒಂದು ಕಣ್ಣು, ಅವಳ ಕೈಗಳ ಮೇಲೆ ಒಂದು ಕಣ್ಣು ಇಟ್ಟಿದ್ದೆ. ಅವಳು ಅತ್ತೆಯ ಬೆನ್ನಿನ ಹುಣ್ಣಿನ ಬಗ್ಗೆ ಮಾತಾಡಿದಳು. ಹೂಂ ಹೂಂ ಎಂದೆ. ದಾರಿಯಲ್ಲಿ ನನ್ನ ಡಬ್ಬಿ ಹಿಡಿದುಕೊಳ್ಳುತ್ತೇನೆಂದಳು. ಕೊಡಲಿಲ್ಲ.

ಮನೆಗೆ ಬಂದು ಬಿಸ್ಕೀಟಿನ ಕುಣಿಯಲ್ಲಿ ಗುಳಿಗೆ ಇಟ್ಟು, ಮೇಲೆ ಹಿಚುಕಿದ ಬಾಳೆಹಣ್ಣು ಮೆತ್ತಿ ಟಾಕಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ನಾಯಿಯ ಪಕ್ಕೆಲುಬು ಎಣಿಸುವಂತಿದ್ದವು. ಮೂಗು ಮಾತ್ರ ಆಡಿತು.

"ಬಾ ಕೂಸ, ಬಾ. ನನ್ನ ಬಂಗಾರ, ಬಾ," ಎಂದು ಕರೆದೆ. ಅದು ಹಿಂದೆ ಸರಿಯಿತು. ಗುಳಿಗೆ ಇಲ್ಲದ ಇನ್ನೊಂದನ್ನು ಅದರ ಎದುರೇ ಕಚ್ಚಿ ತೋರಿಸಿದೆ. ಭಟ್ಟಿಯ ಮುಂದೆ ತಿಂದದ್ದು ಸಾಲದೆಂಬಂತೆ ಇಲ್ಲಿಯೂ ನಾನೇ ತಿಂದು ರುಜುವಾತು ಕೊಡಬೇಕಾಯಿತು. ನಾಯಿ ನನ್ನ ಬಾಯಿ ನೋಡಿತು, ಕೈ ನೋಡಿತು, ಗೋಡೆಗೆ ಬೆನ್ನು ಒತ್ತಿಕೊಂಡು ನಡುಗಿತು. ನಾನು ಮತ್ತಷ್ಟು ಮೆತ್ತಗೆ ಕರೆದೆ. ಅದು ಮತ್ತಷ್ಟು ನಡುಗಿತು.

"ಹಂಗ ಕೂಸ, ಬಂಗಾರ ಅಂತ ಲಲ್ಲಿ ಹೊಡದ್ರ ಬರತೈತೇನ್ರಿ ಅದು?"

ಗೋಡೆಯ ಮೇಲೆ ಅವಳ ತಲೆ. ನಾನು ಏಳುವಷ್ಟರಲ್ಲಿ ಹಿತ್ತಲಿನ ಬಾಗಿಲಿನಿಂದ ಒಳಗೇ ಬಂದಿದ್ದಳು. ನೆಲದ ಮೇಲಿದ್ದ ಗುಳಿಗೆಯ ಬಿಸ್ಕೀಟನ್ನು ಎತ್ತಿಕೊಂಡಳು. ನಾನು ಅವಳ ಮುಂಗೈ ಹಿಡಿದೇಬಿಟ್ಟೆ. ಅವಳು ನನ್ನ ಕೈಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ನನ್ನ ತಲೆಯಲ್ಲಿ ಏನಿದೆಯೆಂದು ಆಗ ಅವಳಿಗೆ ಗೊತ್ತಾಗಿರಬೇಕು. ಕೈ ಬಿಡಿಸಿಕೊಂಡು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಏ ದರಿದ್ರಾ! ಮನಿಹಾಳ! ತಿಂದ್ ಸಾಯಿ!"

ಬಿಸ್ಕೀಟನ್ನು ಕಲ್ಲು ಬೀಸಿದಂತೆ ಪಪ್ಪಾಯಿ ಗಿಡದ ಬುಡಕ್ಕೆ ಒಗೆದಳು.

ಟಾಕಿಯ ಕೆಳಗೆ ಬಾಲ ನೆಲಕ್ಕೆ ಬಡಿದ ಸದ್ದಾಯಿತು. ನಾಯಿ ಎದ್ದಿತು. ಹಿಂಗಾಲು ಎಳೆಯುತ್ತ ಹೋಗಿ, ಮೂಸಿ ಕೂಡ ನೋಡದೆ, ಕಟುಂ ಎಂದು ಕಡಿದು ಗುಳಿಗೆ ಸಮೇತ ನುಂಗಿತು. ಮತ್ತೊಂದಕ್ಕಾಗಿ ಅವಳ ಮುಖ ನೋಡಿತು.

ಡಬ್ಬಿಯನ್ನು ಅವಳ ಮುಂದೆ ಹಿಡಿದೆ. "ದಿನಾ ಹಾಕ್ತಿದ್ರೇನು ನೀವು?"

"ಹಾಕೂದೇನ್ ಬಂತ್ರಿ. ಉಳದದ್ದು ಒಗೀತಿದ್ದೆ," ಎಂದಳು. ಆಮೇಲೆ ದನಿ ತಗ್ಗಿಸಿ, "ನಮ್ಮತ್ತಿಗೆ ನಾಯಿ ಕಂಡ್ರ ಆಗೂದಿಲ್ಲ. ಒಳಗ ಮಲಕ್ಕೊಂಡ ಎಲ್ಲಾ ಕೇಳಸ್ಕೊಂತಿರತಾಳ. ಬೈದ ಹಾಕಿದ್ರ ಹೊಡದ ಓಡಸಾಕತ್ತಾಳ ಸೊಸಿ ಅಂತ ಖುಷಿ ಆಕ್ಕಾಳ." ಡಬ್ಬಿಯಿಂದ ಒಂದು ಬಿಸ್ಕೀಟು ತೆಗೆದು ತಾನೂ ಕಚ್ಚಿದಳು. "ಥೂ, ಏನ್ ಸಪ್ಪಗ ಮಾಡೀರಿ."

ನಾನು ಅವಳ ಕೈ ಹಿಡಿದ ವಿಷಯವನ್ನು ಅವಳು ಅಂದಿನಿಂದ ಇಂದಿನವರೆಗೆ ಎತ್ತಿಲ್ಲ. ನಾನೂ ಎತ್ತಿಲ್ಲ. ತಿಂಗಳುದ್ದಕ್ಕೂ ದಿನಾ ಸಂಜೆ ಅವಳು ಬಂದು ಬೈದಳು, ನಾಯಿ ತಿಂದಿತು. ಅವಳು ತವರಿಗೆ ಹೋದ ದಿನ ನಾನೇ ಬೈಯಬೇಕಾಯಿತು. "ಏ ದರಿದ್ರಾ" ಎಂದೆ. ನಾಯಿ ಕಿವಿ ಕೂಡ ಆಡಿಸಲಿಲ್ಲ. "ಅದು ಬೈಗುಳ ಅಲ್ಲ, ಆರತಿ ಹಾಡಿದಂಗ ಆತು," ಎಂದ ನನ್ನ ಗಂಡ. "ನಾ ಕೊಳತದ್ದ ಟೊಮೆಟೊ ತಂದೇನಿ ಅಂತ ತಿಳಕೊಂಡ ಬೈ ನೋಡೂಣು." ಹಾಗೇ ಬೈದೆ. ಬಾಲ ನೆಲಕ್ಕೆ ಬಡಿಯಿತು.

ಈಗ ನಾಯಿಯ ಮೈ ತುಂಬಿದೆ. ಗುಳಿಗೆ ಮುಗಿದರೂ ಬಿಸ್ಕೀಟು ನಿಂತಿಲ್ಲ. ಬೇಕರಿಯವನು ಈಗಲೂ ನನ್ನ ತಟ್ಟೆಯನ್ನು ಕೊನೆಗೇ ಇಡುತ್ತಾನೆ, ಇಡುವ ಮೊದಲು ಒಂದು ಚೂರು ನನ್ನ ಕೈಗೆ ಕೊಟ್ಟು ತಿನ್ನುವವರೆಗೂ ನಿಂತು ನೋಡುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಡಾಲ್ಡಾದ ಮೇಲೆ ನನಗಿರುವ ಅನುಮಾನವೂ ಹೋಗಿಲ್ಲ.

ಆದರೆ ಟಾಕಿಯ ಕೆಳಗಿನ ಆ ನಡುಕ ನನ್ನ ಕಣ್ಣಿನಿಂದ ಹೋಗಿಲ್ಲ. ನಾನು ಮೆತ್ತಗೆ ಕರೆದಷ್ಟೂ ಅದು ನಡುಗಿತ್ತು. ಹಾಗಾದರೆ ಆ ರೊಟ್ಟಿ ಹಾಕಿದವರೂ ಮೆತ್ತಗೇ ಕರೆದಿರಬೇಕು. ಕೂಸ, ಬಂಗಾರ ಎಂದೇ ಕರೆದಿರಬೇಕು. ನಮ್ಮ ಓಣಿಯಲ್ಲಿ ಬಾಯಿ ಮಾಡುವವರು ಯಾರ್ಯಾರೆಂದು ಎಲ್ಲರಿಗೂ ಗೊತ್ತು. ಎಂದೂ ಯಾರಿಗೂ ಗಟ್ಟಿ ಮಾತಾಡದವರು ಯಾರೆಂದು ನಾನು ಈಗ ನೋಡತೊಡಗಿದ್ದೇನೆ. ಹೊರಗೆ ಯಾರಾದರೂ ಜೇನಿನಂಥ ದನಿಯಲ್ಲಿ "ಬಾ, ಬಾ" ಎಂದರೆ ನಾಯಿ ಎದ್ದು ಟಾಕಿಯ ಹಿಂದೆ ಹೋಗುತ್ತದೆ. ನಾನು ಒಲೆಯ ಮೇಲಿನ ಸಾರನ್ನು ಕೆಳಗಿಳಿಸಿ, ಯಾರೆಂದು ನೋಡಲು ಬಾಗಿಲಿಗೆ ಬರುತ್ತೇನೆ.