ಅಣ್ಣನ ಗುಳಿಗೆ, ಅತ್ತಿಗೆಯ ತನಿಖೆ

ಗೆಳೆಯರೇ, ಇವತ್ತು ಬೆಳಿಗ್ಗೆ ಹರಪನಹಳ್ಳಿಯ ನಮ್ಮ ಮನೆಯಲ್ಲಿ ಅತ್ತಿಗೆ ಅಣ್ಣನನ್ನು ಹಿಡಿದೇಬಿಟ್ಟರು. ಅಣ್ಣನಿಗೆ ಟಿ.ಬಿ. ಗುಳಿಗೆ ಶುರುವಾಗಿ ಮೂರು ತಿಂಗಳಾಯಿತು. ಅದನ್ನು ನುಂಗಿದರೆ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಅಣ್ಣ ಇವತ್ತು ಬಚ್ಚಲಿಗೆ ನೀರು ಹಾಕುವುದನ್ನು ಮರೆತು ಹೊರಬಂದಿದ್ದ.

“ಗುಳಿಗಿ ನುಂಗೀರೇನು?” ಅಂದರು ಅತ್ತಿಗೆ.

“ದಿನಾ ನುಂಗ್ತೀನಿ.”

“ಮತ್ತ ಬಣ್ಣ ಎಲ್ಲಿ ಹೋತು?”

ಅಣ್ಣನ ಮಾತು ಚಂಚಲ, ಸಾಕ್ಷಿ ನುಡಿಯಿತು ಬಚ್ಚಲ. ನಾಲ್ಕು ದಿನದಿಂದ ಬಿಟ್ಟಿದ್ದನಂತೆ.

“ಕೆಮ್ಮು ಹೋಗೈತಿ, ನಾಕು ರೊಟ್ಟಿ ತಿನ್ನಾಕತ್ತೀನಿ. ಇನ್ಯಾಕ ಗುಳಿಗಿ?” ಅಂದ.

“ಎಚ್ಚರ ಇದ್ದ ಟಿ.ಬಿ. ಹುಳ ಸತ್ತಾವ್ರಿ. ಮಲಗಿದ್ದವು ಇನ್ನೂ ಒಳಗ ಅದಾವ. ಅವು ಸಾಯಾಕ ತಿಂಗಳುಗಟ್ಟಲೆ ಬೇಕಂತ ಡಾಕ್ಟ್ರು ಹೇಳಿಲ್ಲೇನು?”

“ಮಲಗಿದ್ರ ಮಲಗ್ಲಿ ಬಿಡು. ನಾವ್ಯಾಕ ಎಬ್ಬಿಸೋದು?”

“ತಾವಾ ಎದ್ರ ಈ ಗುಳಿಗಿಗೆ ಬಗ್ಗಂಗಿಲ್ಲ. ಆಮ್ಯಾಲ ನಾನು ಯಾರಿಗೆ ರೊಟ್ಟಿ ಬಡೀಲಿ?”

ಅತ್ತಿಗೆ ಗುಳಿಗೆ ಮುಂದೆ ಹಿಡಿದರು. ಅಣ್ಣ ಕೈ ಚಾಚಿ, ಆ ದಿನದ ಮೂರೂ ಗುಳಿಗೆ ನುಂಗಿದ. ಗುಳಿಗೆ ಕೊಡುವ ಆಸ್ಪತ್ರೆಯ ನರ್ಸಮ್ಮನಿಗೆ ಫೋನ್ ಮಾಡಿ ಬಿಟ್ಟ ದಿನಗಳನ್ನೂ ಒಪ್ಪಿಕೊಂಡ.

ಮಧ್ಯಾಹ್ನ ಬಚ್ಚಲಿನಿಂದ ಕೂಗು ಬಂತು: “ಲೇ, ನೀರು ಹಾಕಿಲ್ಲ, ಬಂದು ನೋಡು.”

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೋದರು, ನೋಡಿದರು, ನಕ್ಕರು.

ಇಪ್ಪತ್ತು ವರ್ಷದ ಸಂಸಾರದಲ್ಲಿ ಅಣ್ಣ ಹೆಂಡತಿಯನ್ನು ಕರೆದು ತೋರಿಸಿದ ಮೊದಲ ಸೂರ್ಯಾಸ್ತ ಇದೇ ಇರಬೇಕು.