ಮುಂದೆ ಹೋಗುತ್ತಿದ್ದ ಅಕ್ಕ

ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ ಅವಳದು. ಐವತ್ತು ದಾಟಿದ ಮೇಲೆ ಅವಳ ಕೈಗೆ ಮತ್ತೆ ಸೈಕಲ್ಲು ಬಂದದ್ದು ಅಕ್ಕ ತೀರಿಕೊಂಡದ್ದರಿಂದ. "ಅವಳ ಸೈಕಲ್ಲು ಸುಮ್ಮನೆ ತುಕ್ಕು ಹಿಡೀತಿದೆ, ನೀನೇ ಇಟ್ಕೊಮ್ಮ" ಎಂದು ಭಾವ ತಂದು ಬಾಗಿಲಲ್ಲಿ ನಿಲ್ಲಿಸಿ ಹೋಗಿದ್ದರು.

ಮದುವೆಗೆ ಮುಂಚೆ ಅಕ್ಕತಂಗಿ ಇಬ್ಬರೂ ಅದೇ ಆಸ್ಪತ್ರೆಗೆ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಬಯಲಿನ ರಸ್ತೆ ಬಂದದ್ದೇ ತಡ, ಅಕ್ಕ ಮಾತು ಅರ್ಧಕ್ಕೇ ಬಿಟ್ಟು ಮುಂದೆ ನುಗ್ಗುತ್ತಿದ್ದಳು. ಆಗಾಗ ತಿರುಗಿ, "ಹತ್ರ ಬಾರೇ" ಎಂದು ಗದರುವುದು ಬೇರೆ. ಒಂದು ದಿನ ತಂಗಿಗೆ ರೇಗಿಹೋಯಿತು. "ನನ್ನ ಜೊತೆಜೊತೆಗೆ ಬರೋಕೆ ನಿಂಗೆ ನಾಚಿಕೆ ಅಲ್ವಾ? ಇನ್ಮೇಲೆ ನಿನ್ನ ದಾರಿ ನಿಂಗೆ, ನನ್ನ ದಾರಿ ನಂಗೆ" ಎಂದು ಬಸ್ಸು ಹಿಡಿದವಳು ಮತ್ತೆ ಪೆಡಲು ತುಳಿಯಲಿಲ್ಲ. ಮಾತುಕತೆಯೇನೂ ನಿಲ್ಲಲಿಲ್ಲ. ಮುಂಚಿನ ಸಲಿಗೆ ಮಾತ್ರ ಉಳಿಯಲಿಲ್ಲ.

ಈಗ ಭಾನುವಾರದ ಸೈಕಲ್ ಗುಂಪಿಗೆ ಸೇರಿಕೊಂಡಳು. ನಿವೃತ್ತ ಡ್ರಾಯಿಂಗ್ ಮೇಡಂ ಅದರ ಮುಂದಾಳು. ಸೀಟಿಗೆ ಸ್ಯಾಡಲ್ ಅನ್ನಬೇಕು, ಕಾಲು ಎಷ್ಟು ಬೇಗ ಸುತ್ತುತ್ತದೋ ಅದು ಕೇಡೆನ್ಸ್ ಎಂದು ಅವರು ಹೇಳಿಕೊಟ್ಟರು.

"ಏನಂತ ಕರೆದ್ರೂ ಕೂತ್ರೆ ನೋಯೋದಂತೂ ತಪ್ಪಲ್ಲ ಮೇಡಂ" ಎಂದು ಇವಳು ಎಲ್ಲರನ್ನೂ ನಗಿಸಿದಳು.

ಬಯಲಿಗೆ ಬಂದಾಗ ಎದುರುಗಾಳಿ ಮುಖಕ್ಕೆ ರಾಚಿತು. ಮೇಡಂ ಮುಂದೆ ಹೋಗಿ, "ಹತ್ರ ಬನ್ನಿ, ನನ್ನ ಬೆನ್ನಿಗೇ ಇರಿ" ಎಂದು ಕೂಗಿದರು. ಹತ್ತಿರ ಹೋದಂತೆ ಇವಳ ಉಸಿರು ಹಗುರಾಯಿತು.

"ಇದಕ್ಕೆ ಡ್ರಾಫ್ಟಿಂಗ್ ಅಂತಾರೆ. ಮುಂದಿರೋರು ಗಾಳಿ ತಡೀತಾರೆ, ಹಿಂದಿರೋರಿಗೆ ಸಲೀಸು."

"ಮುಂದಿರೋರಿಗೆ?"

"ಜೀವ ಬಾಯಿಗೆ ಬರುತ್ತೆ. ಅದಕ್ಕೇ ಸರದಿ ಬದಲಾಯಿಸ್ಕೋತೀವಿ. ಈಗ ನೀವು ಬನ್ನಿ ಮುಂದೆ."

ಅವಳು ಮುಂದೆ ಹೋಗಲಿಲ್ಲ. ಸೈಕಲ್ಲನ್ನು ಹಾಗೇ ಬಿಟ್ಟು ಮೋರಿಕಟ್ಟೆಯ ಮೇಲೆ ಕುಸಿದಳು. ಅಕ್ಕ ಒಂದು ದಿನವೂ ಸರದಿ ಕೇಳಿರಲಿಲ್ಲ.

ಅಲ್ಲಿಂದ ಸೀದಾ ಭಾವನ ಮನೆಗೆ ಹೋದಳು. ಅವರು ಎಲ್ಲ ಕೇಳಿಸಿಕೊಂಡರು.

"ಆ ಪದ ಎಲ್ಲ ಅವಳಿಗೆಲ್ಲಿ ಗೊತ್ತಿತ್ತಮ್ಮ. ಗಾಳಿಗೆ ತಂಗಿಗೆ ಉಬ್ಬಸ ಬರುತ್ತೆ, ಅದಕ್ಕೇ ಅಡ್ಡ ಹೋಗ್ತಿದ್ದೆ ಅಂತಿದ್ಳು."

"ನಂಗ್ಯಾಕೆ ಹೇಳ್ಲಿಲ್ಲ?"

"ನಾಚಿಕೆ ಅಂದ್ಬಿಟ್ಯಂತಲ್ಲ. ಆಮೇಲೆ ಇನ್ನೇನು ಹೇಳೋದು ಅಂತ ಸುಮ್ಮನಾದ್ಳು."

"ನನ್ನ ಮೇಲೆ ಕೋಪ ಇತ್ತಾ ಭಾವ?"

ಭಾವ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ಕೋಪ ಇರ್ಲಿಲ್ಲ. ಬೇಜಾರಿತ್ತು."

ಅವಳು ಗೋಡೆಗೆ ಮುಖ ತಿರುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಭಾವ ಒಂದು ಲೋಟ ನೀರು ತಂದಿಟ್ಟು ಹೊಸ್ತಿಲಾಚೆ ಹೋಗಿ ನಿಂತರು.