ಬಿಳಿ ದಾಸವಾಳದ ಕಳ್ಳರು

ಸಾವಿರದ ಒಂಬೈನೂರ ಮೂವತ್ತಾರರಲ್ಲಿ ಶಿರಸಿ–ಯಲ್ಲಾಪುರ ದಾರಿಯ ಸರ್ವಿಸ್ ಮೋಟಾರು ಓಡಿಸುತ್ತಿದ್ದವನು ಯಲ್ಲಾಪುರದ ರಸೂಲ್. ಮೋಟಾರು ಎಷ್ಟು ನಿಧಾನವೆಂದರೆ, ಮುಂದಿನ ಸೀಟಿನವರು ಇಳಿದು, ದಾರಿಬದಿಯ ನೇರಳೆ ಹಣ್ಣು ತಿಂದು, ಬಾಯಿ ತೊಳೆದು ಹಿಂದಿನ ಸೀಟಿಗೆ ಹತ್ತಬಹುದಿತ್ತು. ರಸೂಲನ ಕಣ್ಣು ರಸ್ತೆಗಿಂತ ಬೇಲಿಗಳ ಮೇಲೆಯೇ ಹೆಚ್ಚು. ಹೊಸ ದಾಸವಾಳವೊಂದು ಕಂಡರೆ ಬ್ರೇಕು ತಾನಾಗಿಯೇ ಬೀಳುತ್ತಿತ್ತು.

ಹಾಗೆ ಕೂಡಿಸಿದ್ದೆಲ್ಲ ಅವನ ಹಿತ್ತಿಲಿನಲ್ಲಿತ್ತು. ಐದೆಸಳಿನ ಕೆಂಪು, ಎಸಳು ಎಣಿಸಲು ಕೂತವರಿಗೆ ಊಟ ತಪ್ಪಿಸುವ ಮುದ್ದೆ ದಾಸವಾಳ, ಕತ್ತರಿಯಿಂದ ಸೀಳಿದಂಥ ಎಸಳಿನ, ಅರಬೈಲಿನಿಂದ ತಂದ ತೂಗು ದಾಸವಾಳ. ಇನ್ನೊಂದು ಬೆಳಿಗ್ಗೆ ಬಿಳಿ, ಮಧ್ಯಾಹ್ನ ಗುಲಾಬಿ, ಸಂಜೆಗೆ ಕೆಂಪು. ಊಟಕ್ಕೆ ಕರೆದು ಕಾಯಿಸಿದ ಬೀಗರ ಮುಖದ ಹಾಗೆ. ದಾಸವಾಳದ ಸೊಪ್ಪಿನ ಲೋಳೆ ಹಚ್ಚಿ ಹಚ್ಚಿ ಅವನ ಹೆಂಡತಿ ಕುಬ್ರಾಳ ಜಡೆ ಎಷ್ಟು ಬೆಳೆದಿತ್ತೆಂದರೆ, ಹಗ್ಗ ಹರಿದ ದಿನ ಬಾವಿಯಿಂದ ಕೊಡ ಎತ್ತಿದ್ದು ಅದರಿಂದಲೇ ಎಂದು ಓಣಿಯವರ ಹೇಳಿಕೆ.

ಮೂಲೆಯಲ್ಲಿದ್ದ ಬಿಳಿ ದಾಸವಾಳದ ಸುದ್ದಿಯನ್ನು ಮಾತ್ರ ರಸೂಲ್ ಯಾರಿಗೂ ಹೇಳುತ್ತಿರಲಿಲ್ಲ. ಅದರ ನೆಡುವ ಕೊಂಬೆಯನ್ನು, ಅಂದರೆ ಗೆಲ್ಲನ್ನು, ಎಂಟು ವರ್ಷದ ಹಿಂದೆ ಹುಲಗೋಳದ ಸೀತಮ್ಮನವರ ಬೇಲಿಯಿಂದ ಕದ್ದಿದ್ದ. ಕೇಳಿ ತಂದ ಗೆಲ್ಲು ಬೇರು ಬಿಡುವುದಿಲ್ಲ, ಕದ್ದದ್ದೇ ಚಿಗುರುವುದು ಎಂಬ ನಂಬಿಕೆ ಆ ಸೀಮೆಯಲ್ಲಿ ಎಲ್ಲ ಜಾತಿಯವರಿಗೂ ಇತ್ತು.

ಒಂದು ಬೆಳಿಗ್ಗೆ ಸೀತಮ್ಮ ಹುಲಗೋಳದ ತಿರುವಿನಲ್ಲಿ ಕೈಚೀಲ ಹಿಡಿದು ಮೋಟಾರು ಹತ್ತಿ ಸಪ್ಪಗೆ ಕುಳಿತರು.

“ಏನಾತ್ರಿ ಅಮ್ಮಾ?”

“ಬಿಳಿ ದಾಸವಾಳದ ಬುಡಕ್ಕೆ ಗೆದ್ದಲು ಹಿಡದ್ದು ಮಾರಾಯಾ. ಮದುವೆ ದಿನ ಅಮ್ಮನ ಬೇಲಿಂದ ಕದ್ಕಂಡು ಬಂದಿದ್ದು, ತವರಿನದು ಹೇಳಿ ಅದೊಂದೇ ಉಳದಿತ್ತು. ಕಡ್ಡಿ ಊರಿದ್ರೆ ಚಿಗುರ್ತಿಲ್ಲೆ. ನಮ್ಮ ಗಿಡವನ್ನ ನಾವೇ ಕದಿಯಲೆ ಬತ್ತಾ?”

ರಸೂಲ್ ಮೂರು ಮೈಲು ಒಂದು ಬೇಲಿಯ ಕಡೆಗೂ ಕಣ್ಣು ಹಾಯಿಸಲಿಲ್ಲ. ಆಮೇಲೆ ಮೋಟಾರು ನಿಲ್ಲಿಸಿಯೇ ಬಿಟ್ಟ.

“ಅಮ್ಮಾ, ನಮ್ಮ ಹಿತ್ತಲದಾಗ ಒಂದು ಐತ್ರಿ.”

“ಹೌದಾ! ಎಲ್ಲಿಂದ ಬಂತು?”

“ನಿಮ್ಮ ಬೇಲಿಂದಾನ ರೀ. ಎಂಟು ವರ್ಷಾತು.”

“ಕಳ್ಳಾ! ಮೂರು ತಾಲೂಕಲ್ಲಿ ನಮ್ಮನೇಲಿ ಮಾತ್ರ ಇದ್ದು ಹೇಳಿ ಎಂಟು ವರ್ಷ ಜಂಬ ಕೊಚ್ಚಿದ್ನಲೋ!” ಎಂದರು ಸೀತಮ್ಮ. ಆದರೆ ಮುಖಕ್ಕೆ ಜೀವ ಬಂದಿತ್ತು.

“ನಾಳೆ ಒಂದು ಗೆಲ್ಲು ತಂದು ಕೊಡ್ತೀನ್ರಿ.”

“ನೀ ತಂದು ಕೊಟ್ರೆ ಎಂತಕ್ಕೆ ಬಂತು? ಇವತ್ತು ನಾನೇ ಬಂದು ಕದೀತೆ.”

ಯಲ್ಲಾಪುರದಲ್ಲಿ ಇಳಿದು ನೇರ ರಸೂಲನ ಹಿತ್ತಿಲಿಗೇ ಬಂದರು. ಕುಬ್ರಾ ಬೇಲಿಗೆ ಬೆನ್ನು ತಿರುಗಿಸಿ ನಿಂತು, “ನಾವು ನೋಡಾಕತ್ತಿಲ್ಲಮ್ಮಾ! ಎಡಕ್ಕಿಂದು ಎಳೇದು, ಬಲಕ್ಕಿಂದು ಮುರೀರಿ!” ಎಂದು ಕೂಗಿದಳು. ಸೀತಮ್ಮ ಗೆಲ್ಲು ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮರಳಿ ಹೊರಡಲು ಸಿದ್ಧವಾಗಿದ್ದ ಮೋಟಾರಿಗೆ ಹೋಗಿ ಕುಳಿತರು.

ಅವರು ನಿಂತಿದ್ದಲ್ಲಿ ಮಿಡಿ ಉಪ್ಪಿನಕಾಯಿಯ ಪುಟ್ಟ ಭರಣಿ ಕಂಡಿತು. ಯಾರ ಮನೆಗೂ ಬರಿಗೈಯಲ್ಲಿ ಹೋಗಿ ಗೊತ್ತಿರದ ಸೀತಮ್ಮ, ಕಳ್ಳತನಕ್ಕೂ ಬರಿಗೈಯಲ್ಲಿ ಬಂದಿರಲಿಲ್ಲ.

ರಸೂಲ್ ತಲೆಯ ಮೇಲೆ ಕೈ ಹೊತ್ತ. “ಇದು ಕಳ್ಳತನ ಹೆಂಗಾತು? ವ್ಯಾಪಾರ ಆತಲ್ಲ! ಭರಣಿ ವಾಪಸ್ ಕೊಡು.”

“ಒಂದು ಮಿಡಿ ಹೊಟ್ಟೀಗೆ ಹೋಗೈತಿ,” ಎಂದಳು ಕುಬ್ರಾ ಬಾಯಿ ಚಪ್ಪರಿಸುತ್ತ. “ಅದನ್ನ ಹೆಂಗ ವಾಪಸ್ ಕೊಡ್ಲಿ?”

ವಿಷಯ ತಿಳಿದು ಸೀತಮ್ಮ ಹಣೆ ಬಡಿದುಕೊಂಡರು. ಮೋಟಾರು ತುಂಬಿದ ಜನರನ್ನು ಕಾಯಲು ಬಿಟ್ಟು ಇಳಿದು ಬಂದು, ಯಾರನ್ನೂ ಮಾತಾಡಿಸದೆ, ಮುಖ ಗಂಟಿಕ್ಕಿ ಇನ್ನೊಂದು ಗೆಲ್ಲು ಮುರಿದರು. ಈ ಸಲ ಯಾವ ಕೊರತೆಯೂ ಆಗಬಾರದೆಂದು ಕುಬ್ರಾ “ಕಳ್ಳೀ! ಹಿಡೀರಿ!” ಎಂದು ಎಷ್ಟು ಚೆನ್ನಾಗಿ ಕೂಗಿದಳೆಂದರೆ, ಪಕ್ಕದ ಮನೆಯವರು ದೊಣ್ಣೆ ಹಿಡಿದು ಹೊರಬಂದರು. ಅರುವತ್ತರ ಸೀತಮ್ಮ ಓಡಿದ ರಭಸಕ್ಕೆ ಆ ಓಣಿಯ ಕೋಳಿಗಳು ಎರಡು ದಿನ ಮೊಟ್ಟೆ ಇಡಲಿಲ್ಲ.

ಮುಂದಿನ ಇಪ್ಪತ್ತು ದಿನ ರಸೂಲ್ ಹುಲಗೋಳದ ತಿರುವಿನಲ್ಲಿ ಮೋಟಾರು ನಿಲ್ಲಿಸಿ ಇಣುಕಿದ. ಯಾರೂ ಇರುತ್ತಿರಲಿಲ್ಲ. ಇಪ್ಪತ್ತೊಂದನೆಯ ಬೆಳಿಗ್ಗೆ ಸೀತಮ್ಮ ರಸ್ತೆಗೇ ಬಂದು ನಿಂತಿದ್ದರು.

“ಚಿಗುರಿತ್ರ್ಯಾ ಅಮ್ಮಾ? ಕದ್ದದ್ದು?”

“ಚಿಗುರಿದ್ದು.” ಸೀತಮ್ಮ ಮೋಟಾರಿನೊಳಗೆ ಕೂತವರನ್ನೊಮ್ಮೆ ನೋಡಿ, ರಸೂಲನ ಹತ್ತಿರ ಬಾಗಿ ದನಿ ತಗ್ಗಿಸಿದರು. “ವ್ಯಾಪಾರದ್ದೂ ಚಿಗುರಿದ್ದು. ಅದಕ್ಕೇ ಎರಡು ಎಲೆ ಹೆಚ್ಚು. ಯಾರ ಹತ್ರನೂ ಹೇಳಡ.”